ಕುಡಿಯುವ ಬಿಸಿ, ಜಗಿಯುವ ಅಡಿಕೆ, ಇಳಿಯದ ತುತ್ತು

ಇರಾನಿನ ಈಶಾನ್ಯದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಅಂಚಿನಿಂದ ಪೂರ್ವಕ್ಕೆ ಹರಡಿದ ಬಯಲಿನಲ್ಲಿ ಗೊಲೆಸ್ತಾನ್ ಎಂಬ ಪ್ರಾಂತವಿದೆ. ಅಲ್ಲಿ ತುರ್ಕ್‌ಮೆನ್ ಜನ ಸಾಕಷ್ಟಿದ್ದಾರೆ. ಮನೆಗೆ ಯಾರೇ ಬರಲಿ, ಕೂತ ಕೂಡಲೇ ಮುಂದೆ ಬರುವುದು ಹಾಲಿಲ್ಲದ ಕಪ್ಪು ಚಹಾ. ದಿನಕ್ಕೆ ಒಂದು ಲೀಟರ್ ಚಹಾ ಕುಡಿಯುವುದು ಅಲ್ಲಿ ಮಾಮೂಲು. 2004ರಿಂದ 2008ರ ನಡುವೆ ಈ ಪ್ರಾಂತದ 40ರಿಂದ 75 ವರ್ಷದೊಳಗಿನ ಸುಮಾರು 50 ಸಾವಿರ ಜನರನ್ನು ವೈದ್ಯರು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಪ್ರಶ್ನೆಗಳ ಜೊತೆಗೆ ಒಂದು ಪುಟ್ಟ ಪರೀಕ್ಷೆಯೂ ಇತ್ತು. ಆಗಷ್ಟೇ ಕಾಸಿದ ಚಹಾವನ್ನು ಎರಡು ಕಪ್ಪಿಗೆ ಬಗ್ಗಿಸುತ್ತಿದ್ದರು. ಒಂದರಲ್ಲಿ ಥರ್ಮಾಮೀಟರ್ ಇಡುತ್ತಿದ್ದರು, ಇನ್ನೊಂದನ್ನು ಬಂದವರ ಕೈಗೆ ಕೊಡುತ್ತಿದ್ದರು. ಥರ್ಮಾಮೀಟರ್ 75 ಡಿಗ್ರಿ ಸೆಲ್ಸಿಯಸ್ ತೋರಿಸಿದಾಗ, ‘ಒಂದು ಗುಟುಕು ಕುಡಿದು ನೋಡಿ, ಮನೆಯಲ್ಲಿ ಕುಡಿಯುವುದು ಇಷ್ಟೇ ಬಿಸಿಯಲ್ಲವೇ?’ ಎಂದು ಕೇಳುವುದು. ಅಲ್ಲ ಎಂದರೆ 70 ಡಿಗ್ರಿಗೆ ಇಳಿಯುವ ತನಕ ಕಾದು ಮತ್ತೆ ಕೇಳುವುದು, ಆಮೇಲೆ 65ಕ್ಕೆ. ಹೀಗೆ ಅಳೆದಾಗ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ 65 ಡಿಗ್ರಿ ಅಥವಾ ಅದಕ್ಕೂ ಮೀರಿದ ಬಿಸಿಯಲ್ಲಿ ಚಹಾ ಕುಡಿಯುತ್ತಿದ್ದುದು ಗೊತ್ತಾಯಿತು.

ಇಷ್ಟು ಶ್ರಮ ಪಡಲು ಕಾರಣ ಅನ್ನನಾಳದ ಕ್ಯಾನ್ಸರ್. ಗಂಟಲಿನಿಂದ ಜಠರದವರೆಗೆ ತುತ್ತನ್ನು ಇಳಿಸುವ ಈ ಸ್ನಾಯುವಿನ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದವಿದೆ. ಅದಕ್ಕೆ ಬರುವ ಕ್ಯಾನ್ಸರ್ ಜಗತ್ತಿನ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿಲ್ಲ. ಉತ್ತರ ಇರಾನಿನಿಂದ ಹೊರಟು ಮಧ್ಯ ಏಷ್ಯಾವನ್ನು ಹಾದು ಚೀನಾದ ಉತ್ತರ ಭಾಗದವರೆಗೆ ಒಂದು ಪಟ್ಟಿಯಂತೆ ಅದು ದಟ್ಟವಾಗಿದೆ. ಗೊಲೆಸ್ತಾನ್ ಆ ಪಟ್ಟಿಯ ಪಶ್ಚಿಮ ತುದಿ. 1970ರ ದಶಕದ ಆರಂಭದಲ್ಲಿ ಅಲ್ಲಿನ ಗೊನ್ಬದ್ ಸುತ್ತಮುತ್ತ ವರ್ಷಕ್ಕೆ ಲಕ್ಷ ಜನರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಈ ರೋಗ ಬರುತ್ತಿತ್ತು. ಅದೇ ಕಡಲ ದಂಡೆಯ ಇನ್ನೊಂದು ಬದಿಯಲ್ಲಿ, ಮಳೆ ಚೆನ್ನಾಗಿ ಬೀಳುವ ಗೀಲಾನಿನಲ್ಲಿ, ಇದರ ಸಣ್ಣದೊಂದು ಪಾಲು ಮಾತ್ರ ಇತ್ತು. ನಡುವಿನ ದೂರ ಕೆಲವು ನೂರು ಕಿಲೋಮೀಟರ್.

ಅನ್ನನಾಳದ ಕ್ಯಾನ್ಸರ್ ಎಂದ ಕೂಡಲೇ ವೈದ್ಯರು ಕೇಳುವುದು ತಂಬಾಕು ಮತ್ತು ಮದ್ಯದ ಬಗ್ಗೆ. ಯುರೋಪಿನಲ್ಲಿ ಆ ಎರಡೇ ಬಹಳಷ್ಟು ರೋಗಿಗಳ ಕಥೆಯನ್ನು ವಿವರಿಸುತ್ತವೆ. ಗೊಲೆಸ್ತಾನದಲ್ಲಿ ಆ ಲೆಕ್ಕ ಕೂಡಿಬರಲಿಲ್ಲ. ಮದ್ಯ ಮುಟ್ಟುವವರು ಕಡಿಮೆ, ಹೆಂಗಸರು ಸಿಗರೇಟು ಸೇದುವವರಲ್ಲ, ಆದರೂ ರೋಗ ಹೆಂಗಸರನ್ನು ಗಂಡಸರಷ್ಟೇ ಹಿಡಿಯುತ್ತಿತ್ತು. ಹಾಗಾದರೆ ಕಾರಣ ಮನೆಯೊಳಗೇ, ಇಬ್ಬರೂ ಹಂಚಿಕೊಳ್ಳುವ ಯಾವುದೋ ಒಂದರಲ್ಲಿ ಇರಬೇಕು. 1979ರ ಕ್ರಾಂತಿಯ ಹೊತ್ತಿಗೆ ಆ ಹುಡುಕಾಟ ನಿಂತುಹೋಯಿತು. ತೆಹರಾನಿನ ವೈದ್ಯ ರೆಜಾ ಮಲೆಕ್‌ಜಾದೆ ಮತ್ತು ಅವರ ಸಂಗಡಿಗರು ಅದನ್ನು ಮತ್ತೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

2009ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಉಗುರುಬೆಚ್ಚಗೆ ಅಥವಾ ಹದವಾದ ಬಿಸಿಯಲ್ಲಿ ಕುಡಿಯುವವರಿಗೆ ಹೋಲಿಸಿದರೆ, ಬಿಸಿ ಚಹಾ ಕುಡಿಯುವವರಲ್ಲಿ ಅನ್ನನಾಳದ ಕ್ಯಾನ್ಸರಿನ ಸಾಧ್ಯತೆ ಎರಡು ಪಟ್ಟು, ಸುಡುಬಿಸಿಯಲ್ಲಿ ಕುಡಿಯುವವರಲ್ಲಿ ಎಂಟು ಪಟ್ಟು. ಕಪ್ಪಿಗೆ ಬಗ್ಗಿಸಿ ನಾಲ್ಕು ನಿಮಿಷವಾದರೂ ಬಿಟ್ಟು ಕುಡಿಯುವವರಿಗಿಂತ, ಎರಡು ನಿಮಿಷದೊಳಗೇ ಬಾಯಿಗಿಡುವವರಲ್ಲಿ ಐದು ಪಟ್ಟು. ದಿನಕ್ಕೆ ಎಷ್ಟು ಕಪ್ ಎಂಬುದು ಆ ಲೆಕ್ಕದಲ್ಲಿ ಮುಖ್ಯವಾಗಲಿಲ್ಲ. ಹತ್ತು ವರ್ಷ ಆ 50 ಸಾವಿರ ಜನರ ಬೆನ್ನು ಹತ್ತಿದ ಮೇಲೆ, 2019ರಲ್ಲಿ ಬಂದ ಲೆಕ್ಕದಲ್ಲಿ ಪ್ರಮಾಣವೂ ಸೇರಿಕೊಂಡಿತು: 60 ಡಿಗ್ರಿಗಿಂತ ಬಿಸಿಯಾದ ಚಹಾವನ್ನು ದಿನಕ್ಕೆ 700 ಮಿಲಿಲೀಟರಿಗಿಂತ ಹೆಚ್ಚು ಕುಡಿಯುವವರಿಗೆ ಅಪಾಯ ಶೇ 90ರಷ್ಟು ಹೆಚ್ಚು. ಈ ನಡುವೆ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 65 ಡಿಗ್ರಿ ಮೀರಿದ ಯಾವುದೇ ಪಾನೀಯವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತ್ತು. ದಕ್ಷಿಣ ಅಮೆರಿಕದ ಉರುಗ್ವೆ, ಅರ್ಜೆಂಟೀನಾ, ದಕ್ಷಿಣ ಬ್ರೆಜಿಲ್ಲಿನಲ್ಲಿ ಲೋಹದ ಕೊಳವೆಯಿಂದ ಹೀರುವ ‘ಮಾತೆ’ ಕಷಾಯದ ಬಗ್ಗೆ ಬಹುಕಾಲದಿಂದ ಇದ್ದ ಅನುಮಾನವೂ ಆಗ ತಿಳಿಯಾಯಿತು. ಕೇಡು ಎಲೆಯಲ್ಲಿಲ್ಲ, ಬಿಸಿಯಲ್ಲಿದೆ. ಚಹಾ, ಕಾಫಿ ಎರಡರ ಮೇಲೂ ದೂರು ಹೊರಿಸಲು ಆಧಾರ ಸಿಗಲಿಲ್ಲ.

ಬಿಸಿ ಮಾಡುವ ಕೆಲಸ ಇಷ್ಟೇ. ಅನ್ನನಾಳದ ಒಳಪದರ ಸುಟ್ಟಾಗ ದೇಹ ಅದನ್ನು ರಿಪೇರಿ ಮಾಡುತ್ತದೆ, ಅಂದರೆ ಜೀವಕೋಶಗಳು ಅವಸರದಿಂದ ಒಡೆದು ಹೊಸದಾಗುತ್ತವೆ. ದಿನಕ್ಕೆ ಹತ್ತು ಸಲ, ನಲವತ್ತು ವರ್ಷ ಇದು ನಡೆದರೆ ಎಲ್ಲೋ ಒಂದು ಕಡೆ ನಕಲು ತಪ್ಪುತ್ತದೆ. ಸುಟ್ಟು ಬಿಗಿ ಕಳೆದುಕೊಂಡ ಪದರದೊಳಕ್ಕೆ ತಂಬಾಕಿನ ವಿಷ, ಮದ್ಯದ ವಿಷ ಸುಲಭವಾಗಿ ನುಗ್ಗುತ್ತವೆ. ಚೀನಾದ ನಾಲ್ಕೂವರೆ ಲಕ್ಷ ಜನರ ಅಧ್ಯಯನವೊಂದು 2018ರಲ್ಲಿ ಇದನ್ನೇ ತೋರಿಸಿತು. ಮಿತಿಮೀರಿ ಮದ್ಯ ಕುಡಿಯುವ ಅಭ್ಯಾಸದ ಜೊತೆಗೆ ದಿನವೂ ಸುಡುಬಿಸಿ ಚಹಾ ಸೇರಿದರೆ ಅಪಾಯ ಐದು ಪಟ್ಟಾಗುತ್ತದೆ. ತಂಬಾಕು, ಮದ್ಯ ಎರಡೂ ಇಲ್ಲದವರಲ್ಲಿ ಬಿಸಿ ಚಹಾ ಒಂದೇ ಅಷ್ಟು ಕೆಡುಕು ಮಾಡಿರಲಿಲ್ಲ. ಗೊಲೆಸ್ತಾನದಲ್ಲೂ ಚಹಾ ಒಂಟಿ ಆರೋಪಿಯಲ್ಲ. ಅಫೀಮಿನ ಅಭ್ಯಾಸ, ತಾಜಾ ಹಣ್ಣು ತರಕಾರಿಯ ಕೊರತೆ, ಅಡುಗೆಮನೆಯ ಹೊಗೆ ಇವೂ ಕಾರಣಗಳ ಪಟ್ಟಿಯಲ್ಲಿವೆ. ಉದುರಿದ ಹಲ್ಲು, ದಿನವೂ ಹಲ್ಲುಜ್ಜದ ಬಾಯಿ ಕೂಡ ಈ ರೋಗದ ಜೊತೆ ಕಾಣಿಸಿಕೊಂಡವು. ಬಡವರ ಬದುಕಿನಲ್ಲಿ ಇವೆಲ್ಲ ಒಟ್ಟೊಟ್ಟಿಗೇ ಇರುತ್ತವೆ.

ನಮ್ಮ ಕಾಫಿ ಚಹಾದ ಬಗ್ಗೆ ಒಂದು ಸಮಾಧಾನದ ಮಾತು ಹೇಳಬಹುದು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ದು ಕುಡಿಯುವ ಹಳೆಯ ಮೈಸೂರಿನ ಕಾಫಿಯೂ, ಬಶಿಗೆ ಸುರಿದುಕೊಂಡು ಊದಿ ಹೀರುವ ಉತ್ತರ ಕರ್ನಾಟಕದ ಚಹಾವೂ ಅನ್ನನಾಳಕ್ಕೆ ಮಾಡುವ ಉಪಕಾರ ಸಣ್ಣದಲ್ಲ. ಬಶಿಯಲ್ಲಿ ಕುಡಿಯುವವರನ್ನು ಕಂಡು ಪೇಟೆಯ ಮಕ್ಕಳು ನಗುತ್ತಾರೆ, ನಗಬಾರದು. ಈಗ ಬಾಯಿ ಮುಚ್ಚಿದ ಕಾಗದದ ಕಪ್ ಬಂದಿದೆ, ಬೈಕ್ ಮೇಲೆ ಕೂತೇ ಮೂರು ಗುಟುಕಿನಲ್ಲಿ ಮುಗಿಸುವ ಅವಸರವಿದೆ. ಗುಟುಕು ದೊಡ್ಡದಾದಷ್ಟೂ ಒಳಗಿನ ಸುಡುವಿಕೆ ಹೆಚ್ಚು, ಏಕೆಂದರೆ ನಾಲಗೆಯ ಮೇಲೆ ಆರುವಷ್ಟು ಸಮಯ ಅದಕ್ಕೆ ಸಿಗುವುದಿಲ್ಲ.

ಗೊಲೆಸ್ತಾನದ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಡಿಗ್ರಿಗಳ ಲೆಕ್ಕವಲ್ಲ. ಕೇಡು ಅಡಗಿದ್ದುದು ಮನೆಗೆ ಬಂದವರಿಗೆ ಪ್ರೀತಿಯಿಂದ, ಗೌರವದಿಂದ ಕೊಡುತ್ತಿದ್ದ ವಸ್ತುವಿನಲ್ಲಿ. ಆರಿದ ಚಹಾ ಕೊಟ್ಟರೆ ಅವಮಾನ ಎನ್ನುವ ಮನೆಗೆ ಹೋಗಿ ಯಾವ ಡಾಕ್ಟರು ಏನು ಹೇಳಬೇಕು? ಈ ರೋಗ ದಟ್ಟವಾಗಿರುವ ಊರುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಇದೇ ಮತ್ತೆ ಮತ್ತೆ ಎದುರಾಗುತ್ತದೆ.

ಕಾಶ್ಮೀರವನ್ನೇ ನೋಡಿ. ಅಲ್ಲಿ ಸಮೋವರಿನಿಂದ ಇಳಿಯುವ ನೂನ್ ಚಾಯ್ ಇಲ್ಲದೆ ಬೆಳಗಾಗುವುದಿಲ್ಲ. ಹಸಿರು ಚಹಾ ಎಲೆಯನ್ನು ಅಡುಗೆ ಸೋಡಾ ಹಾಕಿ ಗಂಟೆಗಟ್ಟಲೆ ಕುದಿಸಿ, ಉಪ್ಪು ಹಾಲು ಬೆರೆಸಿದಾಗ ಬರುವ ಗುಲಾಬಿ ಬಣ್ಣದ ಚಹಾ ಅದು. ಅದರಲ್ಲೂ, ಚಳಿಗಾಲಕ್ಕೆಂದು ಒಣಗಿಸಿಟ್ಟ ತರಕಾರಿಯಲ್ಲೂ ಕ್ಯಾನ್ಸರಿಗೆ ದಾರಿ ಮಾಡುವ ನೈಟ್ರೊಸೊ ಸಂಯುಕ್ತಗಳನ್ನು ಸಂಶೋಧಕರು ದಶಕಗಳ ಹಿಂದೆಯೇ ಗುರುತಿಸಿದ್ದರು. ಜೊತೆಗೆ ಹಿರಿಯರ ಹುಕ್ಕಾ, ಬಾಯಿಗಿಡುವ ನಾಸ್ ತಂಬಾಕು. ಕಣಿವೆಯಲ್ಲಿ ಅನ್ನನಾಳದ ಕ್ಯಾನ್ಸರ್ ಮೊದಲ ಸಾಲಿನಲ್ಲೇ ಇದೆ.

ಚೀನಾದ ಹೆನಾನ್ ಪ್ರಾಂತದ ಲಿನ್‌ಶಿಯಾನ್ ಬೇರೆ ಬಗೆಯದು. ತೈಹಾಂಗ್ ಬೆಟ್ಟಗಳ ನಡುವಿನ, ನೀರಿಗೆ ಬವಣೆಪಟ್ಟ ಕಲ್ಲುನೆಲ ಅದು. ಚಳಿಗಾಲಕ್ಕೆಂದು ಸೊಪ್ಪು, ಎಲೆಕೋಸನ್ನು ಜಾಡಿಯಲ್ಲಿ ಹುಳಿ ಹಿಡಿಸಿಟ್ಟು, ಬೂಷ್ಟು ಹತ್ತಿದರೂ ಬಿಸಾಡದೆ ತಿಂಗಳುಗಟ್ಟಲೆ ತಿನ್ನುತ್ತಿದ್ದರು. ಅಲ್ಲಿ ಮನುಷ್ಯರಿಗಷ್ಟೇ ಅಲ್ಲ, ಮನೆಯ ಕೋಳಿಗಳಿಗೂ ಗಂಟಲಿನ ಕೊಳವೆಯಲ್ಲಿ ಗೆಡ್ಡೆ ಬೆಳೆಯುತ್ತಿತ್ತು. ಜನ ತಿಂದು ಮಿಕ್ಕಿದ್ದನ್ನೇ ತಿನ್ನುವ ಪ್ರಾಣಿ ಕೋಳಿ. ಪೋಷಕಾಂಶದ ಕೊರತೆ ನೀಗಿಸಿದರೆ ರೋಗ ಇಳಿದೀತೇ ಎಂದು 1986ರಿಂದ 1991ರವರೆಗೆ ಸುಮಾರು 30 ಸಾವಿರ ಜನರಿಗೆ ವಿಟಮಿನ್ ಮತ್ತು ಖನಿಜದ ಮಾತ್ರೆಗಳನ್ನು ಕೊಟ್ಟು ನೋಡಿದರು. ಸೆಲೆನಿಯಂ, ವಿಟಮಿನ್ ಇ, ಬೀಟಾ ಕೆರೋಟಿನ್ ಪಡೆದ ಗುಂಪಿನಲ್ಲಿ ಕ್ಯಾನ್ಸರ್ ಸಾವು ಶೇ 13ರಷ್ಟು ತಗ್ಗಿತು, ಆದರೆ ಆ ಲಾಭ ಹೆಚ್ಚಾಗಿ ಸಿಕ್ಕಿದ್ದು ಜಠರದ ಕ್ಯಾನ್ಸರಿನಲ್ಲಿ. ಇಡೀ ಜೀವಮಾನ ತಟ್ಟೆಯಲ್ಲಿ ಇಲ್ಲದ್ದನ್ನು ನಲವತ್ತು ದಾಟಿದ ಮೇಲೆ ಮಾತ್ರೆಯಲ್ಲಿ ತುಂಬಿಕೊಡುವುದು ಅಷ್ಟು ಸುಲಭವಲ್ಲ.

ಇನ್ನು ಮೇಘಾಲಯ. ದೇಶದ ಕ್ಯಾನ್ಸರ್ ನೋಂದಣಿಗಳಲ್ಲಿ ಅನ್ನನಾಳದ ಕ್ಯಾನ್ಸರಿನ ಪ್ರಮಾಣ ಅತಿ ಹೆಚ್ಚು ಕಂಡಿರುವುದು ಅಲ್ಲಿನ ಪೂರ್ವ ಖಾಸಿ ಬೆಟ್ಟಗಳ ಜಿಲ್ಲೆಯಲ್ಲಿ. ಖಾಸಿ ಮನೆಯಲ್ಲಿ ಅತಿಥಿಗೆ ಮೊದಲು ಕೊಡುವುದು ‘ಕ್ವಾಯ್’: ಹಸಿ ಅಡಿಕೆ, ಎಲೆ, ಸುಣ್ಣ. ದಾರಿಯ ದೂರವನ್ನು ‘ಇಷ್ಟು ಕ್ವಾಯ್ ಜಗಿಯುವಷ್ಟು’ ಎಂದು ಅಳೆಯುವ ವಾಡಿಕೆಯೂ ಅಲ್ಲಿತ್ತು. ತೀರಿಕೊಂಡವರನ್ನು ದೇವರ ಅಂಗಳದಲ್ಲಿ ಕ್ವಾಯ್ ತಿನ್ನಲು ಹೋದರು ಎನ್ನುತ್ತಾರೆ. ಬದುಕಿಗೂ ಸಾವಿಗೂ ಇಷ್ಟು ಹತ್ತಿರವಾದ ವಸ್ತುವನ್ನು ಬಿಟ್ಟುಬಿಡಿ ಎನ್ನುವುದು ಹೇಗೆ?

ಈ ಪ್ರಶ್ನೆಯನ್ನು ಕನ್ನಡನಾಡು ಬೇರೆಯವರದೆಂದು ದೂರ ನಿಂತು ನೋಡುವ ಹಾಗಿಲ್ಲ. ಮದುವೆ ಗೊತ್ತುಮಾಡುವುದೆಂದರೆ ನಮ್ಮಲ್ಲಿ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು. ವೀಳ್ಯ ಕೊಟ್ಟರೆ ಮಾತು ಕೊಟ್ಟ ಹಾಗೆ. ಮುತ್ತೈದೆ ಹೊಸಿಲು ದಾಟುವ ಮುಂಚೆ ಫಲ ತಾಂಬೂಲ ಕೈಗಿಡಬೇಕು. ಶಿರಸಿ, ಸಾಗರದ ಕಡೆ ಊಟವಾದ ಮೇಲೆ ಕವಳದ ಹರಿವಾಣ ಮುಂದೆ ಬಾರದಿದ್ದರೆ ಉಪಚಾರ ಮುಗಿಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ದೇಶದಲ್ಲಿ ಬೆಳೆಯುವ ಅಡಿಕೆಯಲ್ಲಿ ಅತಿ ದೊಡ್ಡ ಪಾಲು ನಮ್ಮ ರಾಜ್ಯದ್ದು. ಶಿವಮೊಗ್ಗ, ಚನ್ನಗಿರಿ, ಕರಾವಳಿ, ಉತ್ತರ ಕನ್ನಡ, ತುಮಕೂರು ಎಂದು ಲೆಕ್ಕ ಹಾಕಿದರೆ ಎಷ್ಟೋ ಲಕ್ಷ ಮನೆಗಳ ಓದು, ಮದುವೆ, ಸಾಲ ಎಲ್ಲವೂ ಅಡಿಕೆಯ ಧಾರಣೆಯ ಮೇಲೆ ನಿಂತಿವೆ. ಕೊಳೆರೋಗ, ಎಲೆಚುಕ್ಕಿ ರೋಗ, ಹಳದಿ ಎಲೆ ರೋಗಗಳ ನಡುವೆ ಒದ್ದಾಡುವ ಬೆಳೆಗಾರನ ಮುಂದೆ ಕ್ಯಾನ್ಸರಿನ ಮಾತು ಎತ್ತಿದರೆ ಅವನಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ.

ಹಾಗೆಂದು ಗೊತ್ತಿರುವುದನ್ನು ಮರೆಮಾಚಲೂ ಆಗದು. ತಂಬಾಕು ಬೆರೆಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೇಳಿತ್ತು. 2004ರಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ, ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಅದೇ ಮೊದಲ ವರ್ಗಕ್ಕೆ ಸೇರಿಸಿತು. 2012ರ ಮರುವಿಮರ್ಶೆಯಲ್ಲಿ ಬಾಯಿಯ ಜೊತೆಗೆ ಅನ್ನನಾಳದ ಹೆಸರೂ ಬಂತು. ಹಬ್ಬಕ್ಕೊಮ್ಮೆ ಬಾಯಿ ಕೆಂಪಗಾಗಿಸಿಕೊಳ್ಳುವವರ ಮಾತಲ್ಲ ಇದು. ಎದ್ದಾಗಿನಿಂದ ಮಲಗುವ ತನಕ ದವಡೆಯಲ್ಲಿ ಇಟ್ಟುಕೊಳ್ಳುವವರು, ರಸವನ್ನು ಉಗುಳದೆ ನುಂಗುವವರು ಯೋಚಿಸಬೇಕು. ತೋಟದ ಅಡಿಕೆ ಬೇರೆ, ಗುಟ್ಕಾದ ಪೊಟ್ಟಣ ಬೇರೆ ಎನ್ನುವ ಬೆಳೆಗಾರರ ವಾದದಲ್ಲಿ ಅರ್ಧ ಸತ್ಯವಿದೆ. ಪೊಟ್ಟಣದ್ದು ಹೆಚ್ಚು ಕ್ರೂರ. ಆದರೆ ತೋಟದ್ದು ನಿರಪಾಯ ಎಂಬುದಕ್ಕೆ ಇದುವರೆಗಿನ ವಿಜ್ಞಾನದ ಬೆಂಬಲವಿಲ್ಲ. ಸರ್ಕಾರಗಳು ಬೆಳೆಗಾರರನ್ನು ಸಮಾಧಾನಪಡಿಸಲು ‘ಅಡಿಕೆ ಆರೋಗ್ಯಕ್ಕೆ ಒಳ್ಳೆಯದು’ ಎಂದು ಸಾಬೀತು ಮಾಡುವ ಮಾತಾಡುವ ಬದಲು, ಅಡಿಕೆಯ ನಡುವೆ ಕಾಳುಮೆಣಸು, ಕೋಕೊ, ಜಾಯಿಕಾಯಿ ಬೆಳೆದು ಬದುಕುವ ದಾರಿಗೆ ಹಣ ಹಾಕಿದರೆ ಆ ಮನೆಗಳಿಗೆ ನಿಜವಾದ ಉಪಕಾರವಾಗುತ್ತದೆ.

ತಂಬಾಕಿನ ವಿಷಯದಲ್ಲಂತೂ ಅರ್ಧ ಸತ್ಯವೂ ಇಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ, ಶೇ 16.3ರಷ್ಟು ಮಂದಿ ಹೊಗೆಯಿಲ್ಲದ ತಂಬಾಕು. ಅಂದರೆ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಶ್ಯ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅದಾದ ಮೇಲೆ ಅಡಿಕೆಯ ಪೊಟ್ಟಣ ಒಂದು ಕಡೆ, ತಂಬಾಕಿನ ಪೊಟ್ಟಣ ಇನ್ನೊಂದು ಕಡೆ ತೂಗುಹಾಕಿ ಅದೇ ಅಂಗಡಿಯಲ್ಲಿ ಮಾರುವುದು ಶುರುವಾಯಿತು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಬೀಡಿ ತೆಳ್ಳಗಿದೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆಯೂ ಸುಳ್ಳು. ದಕ್ಷಿಣ ಭಾರತದ ಅಧ್ಯಯನಗಳಲ್ಲಿ ಅನ್ನನಾಳದ ಕ್ಯಾನ್ಸರಿನ ಜೊತೆ ಬೀಡಿ ಗಟ್ಟಿಯಾಗಿ ತಳಕು ಹಾಕಿಕೊಂಡಿದೆ. ತೂಬರೆ ಎಲೆಯ ಬೀಡಿ ಆರದಿರಲೆಂದು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕಾಗುತ್ತದೆ. ಸಂಜೆ ಕೂಲಿ ಮುಗಿದ ಮೇಲೆ ಕ್ವಾರ್ಟರ್ ಜೊತೆಗೆ ಬೀಡಿ ಹಚ್ಚಿದಾಗ ಎರಡರ ಅಪಾಯ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ ಮಾರ್ಪಟ್ಟು ಜೀವಕೋಶದ ವಂಶವಾಹಿಯನ್ನೇ ಕೆಡಿಸುತ್ತದೆ. ತಂಬಾಕಿನ ವಿಷ ಅದರ ಹಿಂದೆಯೇ ಒಳಕ್ಕಿಳಿಯುತ್ತದೆ.

ಇನ್ನೊಂದು ಕಾರಣವನ್ನು ಹೇಳಲೇಬೇಕು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ದೀರ್ಘಕಾಲ ಕಬ್ಬಿಣಾಂಶದ ಕೊರತೆಯಿಂದ ಬಳಲುವ ಕೆಲವು ಹೆಂಗಸರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುವಾದ ಪೊರೆ ಬೆಳೆದು ತುತ್ತು ಸಿಕ್ಕಿಕೊಳ್ಳತೊಡಗುತ್ತದೆ. ಪ್ಲಮರ್–ವಿನ್ಸನ್ ಎಂಬ ಈ ತೊಂದರೆ ಮುಂದೆ ಅಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಸ್ವೀಡನ್ನಿನ ಉತ್ತರ ಭಾಗದಲ್ಲಿ ಒಂದು ಕಾಲಕ್ಕೆ ಇದು ಸಾಮಾನ್ಯವಾಗಿತ್ತು, ಊಟ ಸುಧಾರಿಸಿ ಕಬ್ಬಿಣಾಂಶ ಸಿಕ್ಕ ಮೇಲೆ ಅಪರೂಪವಾಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅವರೆಲ್ಲರಿಗೂ ಈ ಪೊರೆ ಬೆಳೆಯುವುದಿಲ್ಲ, ಗಾಬರಿ ಬೇಡ. ಆದರೆ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವ ಹೆಂಗಸು, ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ ಯಾವುದೂ ತನ್ನ ಪಾಲಿಗೆ ಬಾರದ ಹೆಂಗಸು, ಹಸಿವು ಮರೆಯಲು ಹೊಗೆಸೊಪ್ಪು ಬಾಯಿಗಿಡುವ ಕೂಲಿ ಹೆಂಗಸು: ಇವರ ಅನ್ನನಾಳದ ರಕ್ಷಣೆ ಆಸ್ಪತ್ರೆಗಿಂತ ಮೊದಲು ಅಡುಗೆಮನೆಯಲ್ಲಿ ಆಗಬೇಕಾದದ್ದು.

ಪೇಟೆಯ ಸುಖದ ಬದುಕಿಗೆ ಅಂಟಿಕೊಂಡ ಇನ್ನೊಂದು ಬಗೆಯ ಅನ್ನನಾಳದ ಕ್ಯಾನ್ಸರ್ ಇದೆ. ಜಠರದ ಆಮ್ಲ ವರ್ಷಾನುಗಟ್ಟಲೆ ಮೇಲಕ್ಕೆ ಉಕ್ಕಿ ಅನ್ನನಾಳದ ಕೆಳತುದಿಯ ಪದರವನ್ನೇ ಬದಲಿಸಿಬಿಟ್ಟಾಗ ಬರುವಂಥದ್ದು. ಹೊಟ್ಟೆಯ ಬೊಜ್ಜು ಅದಕ್ಕೆ ದೊಡ್ಡ ಕಾರಣ. ಬ್ರಿಟನ್, ಅಮೆರಿಕಗಳಲ್ಲಿ ಅದೇ ಹೆಚ್ಚು, ನಮ್ಮಲ್ಲಿ ಇನ್ನೂ ಕಡಿಮೆ. ಆದರೂ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಮಲಗಿ, ಬೆಳಿಗ್ಗೆ ಅಂಗಡಿಯಿಂದ ತಾವೇ ಗ್ಯಾಸ್ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರು ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಈಗ ಬಹಳ ಮುಖ್ಯವಾದ ಮಾತು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಜನರಿಗೆ ಅನ್ನನಾಳದ ಕ್ಯಾನ್ಸರ್ ಬರುತ್ತದೆ, 66 ಸಾವಿರಕ್ಕೂ ಹೆಚ್ಚು ಜನ ಅದರಿಂದ ಸಾಯುತ್ತಾರೆ. ಈ ಎರಡು ಸಂಖ್ಯೆಗಳ ನಡುವಿನ ಅಂತರ ಅಷ್ಟು ಕಿರಿದಾಗಿರುವುದು ಎದೆ ನಡುಗಿಸುವ ಸಂಗತಿ. ಕಾರಣ, ರೋಗ ತಿಳಿಯುವಾಗಲೇ ತಡವಾಗಿರುತ್ತದೆ. ಅನ್ನನಾಳ ಹಿಗ್ಗುವ ಕೊಳವೆ. ಒಳದಾರಿಯ ಅರ್ಧಕ್ಕಿಂತ ಹೆಚ್ಚು ಮುಚ್ಚುವ ತನಕ ಅದು ಹೇಗೋ ದಾರಿ ಮಾಡಿಕೊಡುತ್ತದೆ. ಅದರ ಹೊರಗೆ ಕರುಳಿಗಿರುವಂಥ ಗಟ್ಟಿ ಹೊದಿಕೆಯೂ ಇಲ್ಲ, ಆದ್ದರಿಂದ ಗೆಡ್ಡೆ ಬೇಗ ಅಕ್ಕಪಕ್ಕಕ್ಕೆ ಹರಡುತ್ತದೆ.

ಮನುಷ್ಯನೂ ಹಾಗೇ ಹೊಂದಿಕೊಳ್ಳುತ್ತಾನೆ. ಮೊದಲು ಜೋಳದ ರೊಟ್ಟಿ ಎದೆಯ ನಡುವೆ ನಿಂತ ಹಾಗಾಗುತ್ತದೆ, ಒಂದು ಗುಟುಕು ನೀರು ಕುಡಿದರೆ ಇಳಿಯುತ್ತದೆ. ‘ಅವಸರದಲ್ಲಿ ತಿಂದೆ’ ಎನ್ನುತ್ತಾನೆ. ಕೆಲವು ವಾರ ಕಳೆದ ಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನೆ. ಮುದ್ದೆಯ ತುತ್ತು ಚಿಕ್ಕದಾಗುತ್ತದೆ. ಆಮೇಲೆ ಮೆತ್ತಗಿನ ಅನ್ನ ಮಜ್ಜಿಗೆ, ಆಮೇಲೆ ಗಂಜಿ. ಪಂಚೆ ಸಡಿಲವಾದಾಗ ‘ಸಕ್ಕರೆ ಕಾಯಿಲೆ ಇರಬಹುದು’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಯಾರೋ ಗ್ಯಾಸ್ ಎನ್ನುತ್ತಾರೆ, ಯಾರೋ ದೃಷ್ಟಿ ತೆಗೆಸಿ ಎನ್ನುತ್ತಾರೆ. ನೀರೂ ಇಳಿಯದ ದಿನ ಆಸ್ಪತ್ರೆಗೆ ಬರುತ್ತಾರೆ. ಆಗ ವೈದ್ಯರ ಕೈಯಲ್ಲಿ ಉಳಿದಿರುವುದು ಬಹುತೇಕ ದಾರಿ ತೆರೆದಿಡುವ ಸ್ಟೆಂಟು, ಹೊಟ್ಟೆಗೆ ಹಾಕುವ ಊಟದ ನಳಿಕೆ. ಎರಡು ಮೂರು ತಿಂಗಳು ಮೊದಲೇ ಬಂದಿದ್ದರೆ ಕಿಮೋ ಮತ್ತು ವಿಕಿರಣ ಕೊಟ್ಟು, ಬಳಿಕ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುತ್ತಿತ್ತು.

ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ನಮ್ಮಲ್ಲಿ ಸರ್ಕಾರಿ ತಪಾಸಣೆಯ ಕಾರ್ಯಕ್ರಮವಿದೆ. ಅನ್ನನಾಳಕ್ಕೆ ಅಂಥದ್ದಿಲ್ಲ, ಆದ್ದರಿಂದ ಮನೆಯವರ ಕಣ್ಣೇ ತಪಾಸಣೆ. ತಂಬಾಕು, ಎಲೆ ಅಡಿಕೆ, ಬೀಡಿ, ಮದ್ಯದ ಅಭ್ಯಾಸವಿರುವ ಅಪ್ಪನೋ ಅಜ್ಜಿಯೋ ರೊಟ್ಟಿ ಬಿಟ್ಟು ಗಂಜಿ ಕೇಳತೊಡಗಿದರೆ, ಬಾಯಿಯಲ್ಲಿ ಬಿಳಿ ಮಚ್ಚೆ ಇರುವವರು ತುತ್ತು ಸಿಕ್ಕುತ್ತದೆ ಎಂದರೆ, ರಕ್ತಹೀನತೆಯ ಹೆಂಗಸು ಮಾತ್ರೆ ನುಂಗಲೂ ಕಷ್ಟ ಎಂದರೆ, ಎರಡು ವಾರಕ್ಕಿಂತ ಹೆಚ್ಚು ಕಾಯಬೇಡಿ. ಎಂಡೋಸ್ಕೋಪಿ ಎಂದರೆ ಹೆದರುವವರಿಗೆ ಹೇಳಿ: ಗಂಟಲಿಗೆ ಮರಗಟ್ಟುವ ಔಷಧ ಹಾಕಿ, ಬೆರಳಿಗಿಂತ ತೆಳುವಾದ ನಳಿಕೆ ಇಳಿಸಿ ನೋಡುವ ಆ ಪರೀಕ್ಷೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಬಹುತೇಕರು ಅವತ್ತೇ ಮನೆಗೆ ಹೋಗುತ್ತಾರೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿ. ಸಂಶಯವಿದ್ದರೆ ಅಲ್ಲಿಂದಲೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಹೋಗುವಾಗ ಎಷ್ಟು ವರ್ಷದಿಂದ ಏನೇನು ಜಗಿಯುತ್ತಿದ್ದರು, ಸೇದುತ್ತಿದ್ದರು, ಕುಡಿಯುತ್ತಿದ್ದರು ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಅವರು ಕೇಳುವುದು ಬೈಯಲಿಕ್ಕಲ್ಲ.